ಡಿಸ್ಕಿನ ಬಾಯಿ ಬಿಡಿಸಿದ ಒಂದು ಸಾಲು

ಸರ್ವರ್ ರಿಪೇರಿಯವನ ಕೆಲಸ ಯಂತ್ರದ ಜೊತೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ ನಂಬಬೇಡಿ. ಯಂತ್ರದ ಜೊತೆಗಿನ ಕೆಲಸ ಅರ್ಧ ದಿನದ್ದು. ಉಳಿದ ಸಮಯವೆಲ್ಲ, ಅದು ಕೆಟ್ಟದ್ದನ್ನು ಯಾರ ತಲೆಗೆ ಕಟ್ಟಬಹುದು ಎಂದು ಹುಡುಕುತ್ತ ಕುಳಿತವರ ಜೊತೆ ಹೋಗುತ್ತದೆ. ಮೂವತ್ತೊಂದು ವರ್ಷ ನಾನು ಇದನ್ನು ಮಾಡಿದೆ. ನಿವೃತ್ತನಾದ ಮೇಲೆ ಸಿಟ್ಟು ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮೊನ್ನೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು, ಇದೇ ಕೆಲಸಕ್ಕೆ ಸೇರಿದ್ದೇನೆ, ಏನಾದರೂ ಹೇಳಿಕೊಡಿ ಎಂದು ಬಂದಳು. ಒಂದು ತಾಸು ಮಾತಾಡಿದೆ. ಅವಳು ಹೋದ ಮೇಲೆ ನೋಡಿದರೆ, ಹೇಳಬೇಕಾದದ್ದನ್ನು ಹೇಳಿಯೇ ಇರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ದೇವೇಂದ್ರಪ್ಪ. ಊರು ಯಲಬುರ್ಗಾ ಕಡೆಯ ಮಂಗಳೂರು. ದೂರದವರು ಕಡಲ ದಂಡೆಯ ಮಂಗಳೂರು ಎಂದು ತಿಳಿದು ಮೀನಿನ ಮಾತು ತೆಗೆಯುತ್ತಾರೆ. ನಮ್ಮದು ಜೋಳದ ಮಂಗಳೂರು. ಕಂಪ್ಯೂಟರ್ ಮಾರಿ, ಮಾರಿದ್ದನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ನಾನಿದ್ದೆ. ಅದರ ಹೆಸರು ಬರೆಯುವುದಿಲ್ಲ, ಬರೆದರೆ ಬಾಯಿ ಹೊಲಸಾಗುತ್ತದೆ. ಕೊಪ್ಪಳದಲ್ಲಿ ಮೂರು ಮೇಜಿನ ಕಚೇರಿ. ಅಲ್ಲಿಂದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವುದು, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಿರುಗುವುದು. ಅಕ್ಕಿ ಗಿರಣಿ, ಆಸ್ಪತ್ರೆ, ಶಾಲೆ, ಕಾಲೇಜು, ಎಲ್ಲೆಲ್ಲಿ ನಮ್ಮ ಪೆಟ್ಟಿಗೆ ಇತ್ತೋ ಅಲ್ಲೆಲ್ಲ.

ಮೊದಮೊದಲು ನಮ್ಮ ಕೈಯಲ್ಲಿ ಇದ್ದದ್ದು ಸ್ಕ್ರೂಡ್ರೈವರ್ ಮತ್ತು ಕಿವಿ. ಸ್ಕ್ರೂಡ್ರೈವರಿನ ತುದಿಯನ್ನು ತಿರುಗುತ್ತಿರುವ ಡಿಸ್ಕಿನ ಮೇಲಿಟ್ಟು ಹಿಡಿಕೆಗೆ ಕಿವಿ ಹಚ್ಚುತ್ತಿದ್ದೆವು. ಟಿಕ್ ಟಿಕ್ ಎಂದರೆ ಸಾಯುತ್ತಿದೆ ಎಂದರ್ಥ. ಜನ ಸುಳ್ಳು ಹೇಳುತ್ತಿದ್ದರು, ಡಿಸ್ಕೂ ಪೂರ್ತಿ ಹೇಳುತ್ತಿರಲಿಲ್ಲ. ಗಂಗಾವತಿಯ ಒಂದು ಗಿರಣಿಯಲ್ಲಿ ಆಯುಧಪೂಜೆಯ ಮರುದಿನ ಸರ್ವರ್ ಸತ್ತಿತ್ತು. ಮಾಲೀಕರು, "ತಾನಾ ಕೆಟ್ಟೈತ್ರಿ, ನಾವ್ ಮುಟ್ಟೇ ಇಲ್ಲ" ಎಂದು ಕೈ ಮುಗಿದರು. ಮುಚ್ಚಳ ಬಿಚ್ಚಿದೆ. ಒಳಗೆ ತೌಡಿನ ಧೂಳು, ಧೂಳಿನ ಮೇಲೆ ಕುಂಕುಮ, ಕುಂಕುಮದ ಮೇಲೆ ಒಣಗಿದ ತೆಂಗಿನಕಾಯಿ ನೀರು. ಆ ದಿನ ನಕ್ಕು ಬಂದೆ. ಯಾರ ಕೆಲಸವೂ ಹೋಗುತ್ತಿರಲಿಲ್ಲವಲ್ಲ, ಅದಕ್ಕೆ ನಗು ಬಂತು.

ಆಮೇಲೆ ಲಿನಕ್ಸ್ ಬಂತು, ಕಪ್ಪು ಪರದೆಯ ಮೇಲೆ ಆದೇಶ ಟೈಪು ಮಾಡುವ ಕಾಲ ಬಂತು. ಆಗ ನಾನು ಕಲಿತದ್ದೇ ಎಸ್‌ಜಿ ರೀಡ್ ಬಫರ್ ಎಂಬ ಒಂದು ಸಾಲಿನ ಆದೇಶ. ಇದನ್ನು ಯಾರೂ ಕಲಿಸಲಿಲ್ಲ. ಅದರ ಜೊತೆ ಬರುವ ಒಣ ಕೈಪಿಡಿಯನ್ನು ಬಸ್ಸಿನಲ್ಲಿ ಕೂತು ಹತ್ತಾರು ಸಲ ಓದಿದೆ. ವಿಷಯ ಇಷ್ಟೇ. ಪ್ರತಿ ಡಿಸ್ಕಿನೊಳಗೆ ಅದರದೇ ಆದ ಸಣ್ಣ ನೆನಪಿನ ಜಾಗಗಳಿರುತ್ತವೆ. ಅವಕ್ಕೆ ಬಫರ್ ಎನ್ನುತ್ತಾರೆ. ಕೆಲವದರಲ್ಲಿ ಬಂದು ಹೋಗುವ ಮಾಹಿತಿ ತಂಗುತ್ತದೆ. ಇನ್ನು ಕೆಲವದರ ಮೂಲಕ ಡಿಸ್ಕು ತನಗಾದ ತೊಂದರೆಗಳ ಚರಿತ್ರೆಯನ್ನು ಒಪ್ಪಿಸುತ್ತದೆ: ಯಾವ ತಾಸಿನಲ್ಲಿ ಬಿಸಿಯಾಯಿತು, ಯಾವ ತಾಸಿನಲ್ಲಿ ಓದಲು ಎಡವಿತು ಎಂದು. ಕಂಪ್ಯೂಟರು ಮಾಮೂಲಾಗಿ ತೋರಿಸುವ ಆರೋಗ್ಯದ ವರದಿ ಅಂಗಡಿಯ ಮುಂದಿನ ಬೋರ್ಡು ಇದ್ದಂತೆ. ಒಳಗಿನ ಕೋಣೆಯಲ್ಲಿ ಏನಿದೆ ಎಂದು ನೋಡಬೇಕಾದರೆ ಈ ಆದೇಶ ಬೇಕು. ಬಂದದ್ದು ಸರಾಗವಾಗಿ ಓದುವಂತೆ ಇರುವುದಿಲ್ಲ, ಪುಟಗಟ್ಟಲೆ ಅಂಕಿ ಅಕ್ಷರಗಳ ರಾಶಿ. ತಯಾರಕರು ಅದರ ಅರ್ಥ ಹೇಳುವುದಿಲ್ಲ. ತಾಳ್ಮೆಯಿಂದ ಹುಡುಕಬೇಕು.

ಆ ಆದೇಶಕ್ಕೆ ಒಬ್ಬ ತಮ್ಮನೂ ಇದ್ದಾನೆ, ಡಿಸ್ಕಿನೊಳಕ್ಕೆ ಬರೆಯುವವನು. ಡಿಸ್ಕನ್ನು ನಡೆಸುವ ಒಳ ತಂತ್ರಾಂಶವನ್ನು ಹೊಸದು ಮಾಡಲು ಅವನು ಬೇಕು. ಅವನಿಂದಲೇ ನನ್ನ ಕೈ ಸುಟ್ಟಿತು. ಕುಷ್ಟಗಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಒಳ ತಂತ್ರಾಂಶ ಬದಲಿಸುತ್ತಿದ್ದೆ. ಮಧ್ಯದಲ್ಲಿ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿದೆಯೋ ಬದುಕಿದೆಯೋ ಎಂದು ಮೊದಲು ನೋಡಬೇಕಿತ್ತು. ನೋಡಿರಲಿಲ್ಲ. ಡಿಸ್ಕಿನ ಮಾಹಿತಿಯ ಪ್ರತಿ ತೆಗೆದಿಟ್ಟುಕೊಳ್ಳಬೇಕಿತ್ತು. ಇಟ್ಟಿರಲಿಲ್ಲ. ಕರೆಂಟು ಬಂದಾಗ ಡಿಸ್ಕು ಕಲ್ಲಾಗಿತ್ತು. ಹನ್ನೆರಡು ವರ್ಷದ ಪುಸ್ತಕಗಳ ಪಟ್ಟಿ ಹೋಯಿತು.

ಗ್ರಂಥಪಾಲಕರು ಸಾಧು ಮನುಷ್ಯ. "ಇರ್ಲಿ ಬಿಡ್ರಿ, ಮಿಷನ್ ಅಂದ ಮ್ಯಾಲ ಕೆಡತಾವ. ಚಾ ಕುಡೀರಿ" ಎಂದರು. ನಾನು ಚಹಾ ಕುಡಿದೆ. ನಿಜ ಹೇಳಲಿಲ್ಲ. ಕಚೇರಿಗೆ ಫೋನು ಮಾಡಿ ಆಗಿದ್ದನ್ನು ಹೇಳಿದಾಗ ಆಗಿನ ನನ್ನ ಮೇಲಿನವರು, "ಡಿಸ್ಕ್ ಮೊದ್ಲ ಕೆಟ್ಟಿತ್ತು ಅಂತ ಬರೀ. ಬುದ್ಧಿ ಐತಿಲ್ಲೋ ನಿನಗ?" ಎಂದರು. ಹಾಗೆಯೇ ಬರೆದೆ. ಆ ಮನುಷ್ಯ ಎರಡು ಬೇಸಿಗೆ ರಜೆ ಕಪಾಟಿನ ಮುಂದೆ ಕೂತು ಒಂದೊಂದೇ ಪುಸ್ತಕ ತೆಗೆದು ಪಟ್ಟಿ ಮತ್ತೆ ಬರೆದರು ಎಂದು ಆಮೇಲೆ ಕೇಳಿದೆ. ಕಂಪನಿಯ ಮೇಲೆ ನನಗಿರುವ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ. ಅದನ್ನು ಮುಚ್ಚಿಟ್ಟು ಇದನ್ನು ಬರೆದರೆ ನಾನೂ ಅವರಂಥವನೇ ಆಗುತ್ತೇನೆ.

ಈಗ ಗಿರಿಜಾಳ ವಿಷಯ.

ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಗಿರಿಜಾ ಆಪರೇಟರ್ ಆಗಿದ್ದಳು. ವಯಸ್ಸು ಮೂವತ್ತೈದರ ಹತ್ತಿರ. ಹುಲಿಗಿಯಿಂದ ದಿನಾ ಬಸ್ಸಿಗೆ ಬರುವವಳು. ಹುಣ್ಣಿಮೆಯ ದಿನ ಹುಲಿಗೆಮ್ಮನ ಭಕ್ತರ ನಡುವೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಆದರೂ ಒಂಬತ್ತಕ್ಕೆ ಅವಳು ಕುರ್ಚಿಯಲ್ಲಿ ಇರುತ್ತಿದ್ದಳು. ರೋಗಿಗಳ ಸ್ಕ್ಯಾನು, ರಕ್ತದ ವರದಿ, ಎದೆಯ ಚಿತ್ರ ಎಲ್ಲವೂ ಅವಳ ಕೋಣೆಯ ಸರ್ವರಿನಲ್ಲಿದ್ದವು. ಇದು ನಡೆಯುವ ಎಂಟು ತಿಂಗಳ ಮೊದಲು ಅದಕ್ಕೆ ನಾಲ್ಕು ಹೊಸ ಡಿಸ್ಕುಗಳನ್ನು ನಮ್ಮ ಕಂಪನಿಯೇ ಹಾಕಿಕೊಟ್ಟಿತ್ತು. ನಾಲ್ಕರಲ್ಲಿ ಒಂದು ಸತ್ತರೆ ಉಳಿದ ಮೂರು ಹೊರೆ ಹೊರುತ್ತವೆ. ಎರಡು ಸತ್ತರೆ ಎಲ್ಲ ಹೋದಂತೆ.

ಒಂದು ಸೋಮವಾರ ಮೊದಲನೆಯದರ ದೀಪ ಕೆಂಪಾಯಿತು. ಗಿರಿಜಾ ಅಂದೇ ನಮ್ಮ ಕಚೇರಿಗೆ ಫೋನು ಮಾಡಿದಳು. ಮಂಗಳವಾರವೂ ಮಾಡಿದಳು. ಬದಲಿ ಡಿಸ್ಕು ಬಂದಿಲ್ಲ, ಬಂದ ಕೂಡಲೇ ಬರುತ್ತೇವೆ ಎಂದು ನಮ್ಮವರು ತಳ್ಳಿದರು. ಶುಕ್ರವಾರ ಎರಡನೆಯದೂ ಹೋಯಿತು. ಪ್ರತಿಯನ್ನು ಬೇರೆ ಕಡೆ ಇಡುವ ವ್ಯವಸ್ಥೆ ಮಾಡಿಕೊಡಿ ಎಂದು ಅವಳು ಆಸ್ಪತ್ರೆಗೆ ಎರಡು ಸಲ ಬರೆದುಕೊಟ್ಟಿದ್ದಳಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಶನಿವಾರ ನಾನು ಹೋದಾಗ ದಾಖಲೆ ಕೋಣೆಗೆ ಬೀಗ ಬಿದ್ದಿತ್ತು. ಗಿರಿಜಾ ಹೊರಗೆ ರೋಗಿಗಳ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲಿ ಒಂದು ಕಾಗದ. ಹಣ ಪಡೆದೋ ದ್ವೇಷದಿಂದಲೋ ದಾಖಲೆಗಳನ್ನು ಅಳಿಸಿದ್ದೀ, ಒಂದು ವಾರದಲ್ಲಿ ಉತ್ತರ ಕೊಡದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇವೆ ಎಂದು ಅದರಲ್ಲಿ ಬರೆದಿದ್ದರು.

"ಅಣ್ಣಾರ, ನಾ ಒಂದ್ ಫೈಲೂ ಮುಟ್ಟಿಲ್ಲರಿ" ಎಂದಳು. "ದೀಪ ಕೆಂಪಾಗೈತಿ ಅಂತ ಫೋನ್ ಹಚ್ಚಿದಾಕಿ ನಾನಾ. ಈಗ ನನ್ನನ್ನಾ ಕಳ್ಳಿ ಮಾಡ್ಯಾರ. ನಮ್ ಮನ್ಯಾಗ ಏನಂತ ಹೇಳ್ಲಿ?"

"ತಂಗೀ, ಮೊದ್ಲ ನಾ ಡಿಸ್ಕ್ ನೋಡ್ತೀನಿ. ಆಮ್ಯಾಲ ಮಾತಾಡೂಣು" ಎಂದೆ.

ಬೀಗ ತೆಗೆಸಿ ಒಳಗೆ ಹೋಗುವ ಹೊತ್ತಿಗೆ ಜಗದೀಶರ ಫೋನು ಬಂತು. ಇವರು ನಮ್ಮ ವಲಯದ ಮ್ಯಾನೇಜರು, ಹುಬ್ಬಳ್ಳಿಯಲ್ಲಿ ಕೂರುವವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ದನಿ ಏರಿಸಿದ್ದನ್ನು ನಾನು ಎಂದೂ ಕೇಳಿಲ್ಲ. "ದೇವೇಂದ್ರಪ್ಪನವ್ರ, ಆಪರೇಟರ್ ತಪ್ಪಿನಿಂದ ಮಾಹಿತಿ ಹೋಗೈತಿ ಅಂತ ಒಂದ್ ವರದಿ ಬರ್ದು ಕಳಸ್ರಿ. ಡಿಸ್ಕ್ ನಮ್ ಕಡೆ ವಾಪಸ್ ತರ್ರಿ. ಮತ್ತೇನೂ ತಲಿ ಕೆಡಿಸ್ಕೋಬ್ಯಾಡ್ರಿ" ಎಂದರು. ಡಿಸ್ಕನ್ನು ಯಾರೂ ನೋಡುವ ಮೊದಲೇ ತಪ್ಪು ಯಾರದೆಂದು ಅವರಿಗೆ ಗೊತ್ತಿತ್ತು! ಅಲ್ಲಿಗೆ ನನಗೆ ಮೈ ಉರಿಯತೊಡಗಿತು.

ನಾಲ್ಕೂ ಡಿಸ್ಕುಗಳನ್ನು ಹೊರಗೆ ತೆಗೆದು ಒಂದೊಂದಾಗಿ ನನ್ನ ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿದೆ. ಗಿರಿಜಾಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ಮಾಡುವ ಪ್ರತಿಯೊಂದನ್ನೂ ಸಮಯ ಸಮೇತ ಅವಳ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೇಳಿದೆ. ಮೊದಲು ಸತ್ತ ಡಿಸ್ಕು ಉಸಿರೇ ಎತ್ತಲಿಲ್ಲ. ಎರಡನೆಯದು ರೋಗಿಗಳ ಒಂದು ಚಿತ್ರವನ್ನೂ ಕೊಡಲಿಲ್ಲ, ಆದರೆ ತನ್ನ ಹೆಸರು, ಮಾದರಿ ಕೇಳಿದರೆ ಹೇಳುತ್ತಿತ್ತು. ಅಂದರೆ ಅದರ ಸರ್ಕಿಟ್ ಬೋರ್ಡಿಗೆ ಇನ್ನೂ ಜೀವವಿತ್ತು. ಆ ಒಂದು ಸಾಲನ್ನು ಟೈಪು ಮಾಡಿ, ತೊಂದರೆಗಳ ಚರಿತ್ರೆಯನ್ನು ಕೊಡು ಎಂದು ಕೇಳಿದೆ. ಕೊಟ್ಟಿತು. ಬದುಕಿದ್ದ ಎರಡೂ ಕೊಟ್ಟವು.

ಮಾಮೂಲು ವರದಿಯ ಪ್ರಕಾರ ಮೂರೂ ಡಿಸ್ಕುಗಳು ಓಡಿದ್ದು ಎಂಟು ತಿಂಗಳು ಮಾತ್ರ. ಬಫರಿನಿಂದ ಬಂದ ರಾಶಿಯಲ್ಲಿ ಮಾತ್ರ ಎಲ್ಲಿಯೂ ಅಷ್ಟು ಸಣ್ಣ ಲೆಕ್ಕ ಕಾಣಲಿಲ್ಲ. ಯಾವುದೋ ಒಂದು ದೊಡ್ಡ ಸಂಖ್ಯೆ ಮೂರರಲ್ಲೂ ಒಂದೇ ಜಾಗದಲ್ಲಿ ಕೂತಿತ್ತು. ಅದು ತಾಸಿನ ಲೆಕ್ಕ ಎಂದು ನನ್ನ ಮನಸ್ಸು ಹೇಳಿತು. ಮನಸ್ಸು ಹೇಳಿದ್ದನ್ನು ನಾಲ್ಕು ಜನರ ಮುಂದೆ ಇಡಲಾಗುವುದಿಲ್ಲ.

ಯಲಬುರ್ಗಾದ ಒಬ್ಬ ಗಿರಾಕಿಯ ಬಳಿ ಇದೇ ಮಾದರಿಯ ಡಿಸ್ಕು ಇತ್ತು. ವರ್ಷಗಳ ಹಿಂದೆ ಸೀಲು ಒಡೆದು ನಾನೇ ಹಾಕಿದ್ದೆ, ಅದರ ಪೂರ್ತಿ ದಾಖಲೆ ನನ್ನ ಡೈರಿಯಲ್ಲಿತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ಅದರ ಬಫರ್ ಓದಿದೆ. ಊರಿಗೆ ಹೋಗಿ ಮಲಗಿ ಸೋಮವಾರ ಹತ್ತಕ್ಕೆ ಮತ್ತೆ ಓದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟೆ. ಅದೇ ಜಾಗದ ಸಂಖ್ಯೆ ಸರಿಯಾಗಿ ಇಪ್ಪತ್ನಾಲ್ಕು ಏರಿತ್ತು. ನನ್ನ ಡೈರಿಯ ಲೆಕ್ಕಕ್ಕೂ ಅದು ತಾಳೆಯಾಯಿತು. ಹಾಗಾದರೆ ಗಂಗಾವತಿಯ ಡಿಸ್ಕುಗಳು ತಿರುಗಿದ್ದು ಎಂಟು ತಿಂಗಳಲ್ಲ, ಐದು ವರ್ಷಕ್ಕೂ ಮೇಲೆ. ಎಲ್ಲಿಯೋ ದುಡಿದು ಹಣ್ಣಾದ ಡಿಸ್ಕುಗಳ ಮೇಲಿನ ಮೀಟರನ್ನು ಸೊನ್ನೆಗೆ ತಿರುಗಿಸಿ, ಹೊಸ ಚೀಟಿ ಅಂಟಿಸಿ ಆಸ್ಪತ್ರೆಗೆ ಕೊಟ್ಟಿದ್ದರು. ಒಳಗಿನ ಚರಿತ್ರೆ ಅವರ ಕೈಗೆ ಸಿಕ್ಕಿರಲಿಲ್ಲ. ಯಲಬುರ್ಗಾ ಬಸ್ ನಿಲ್ದಾಣದಲ್ಲಿ ನಿಂತು ಒಬ್ಬನೇ ಬೈದೆ. ಪಕ್ಕದಲ್ಲಿ ನಿಂತಿದ್ದ ಅಜ್ಜ ಸ್ವಲ್ಪ ದೂರ ಸರಿದು ನಿಂತ.

ಮಂಗಳವಾರ ಜಗದೀಶರೇ ಕೊಪ್ಪಳದ ಕಚೇರಿಗೆ ಬಂದರು. ನನ್ನ ಕಾಗದಗಳನ್ನು ಓದಿ ಮಡಚಿಟ್ಟರು.

"ನಿಮಗ ಯಾರ್ ಹೇಳಿದ್ರು ಬಫರ್ ತಗೀರಿ ಅಂತ?"

"ಕೆಟ್ಟಿದ್ದು ಯಾಕ ಅಂತ ನೋಡೂದ ನನ್ ಕೆಲಸ ಐತ್ರಿ ಸಾಹೇಬ್ರ."

"ಆ ಲಾಟ್ ಹಂಗಾ ಬಂದೈತಿ. ಎಲ್ಲಾರೂ ಹಂಗಾ ಕೊಡ್ತಾರ. ನಿಮ್ ರಿಟೈರ್‌ಮೆಂಟಿಗೆ ಏಳು ತಿಂಗಳೈತಿ. ಸುಮ್ನ ಸಹಿ ಮಾಡ್ರಿ."

"ಆ ಹೆಣ್ಮಗಳ ಮ್ಯಾಲ ಪೊಲೀಸ್ ಕೇಸ್ ಆಕ್ಕೈತ್ರಿ."

"ಆಕಿ ಬ್ಯಾರೆ ಕಡೆ ಕೆಲಸ ಹುಡುಕ್ಕೋತಾಳ. ನಮ್ ಗಿರಾಕಿ ಹೋದ್ರ ವಾಪಸ್ ಬರ್ತಾರೇನ್ರಿ?"

ಇದನ್ನು ಅವರು ಚಹಾಕ್ಕೆ ಸಕ್ಕರೆ ಕಲಕುತ್ತ ಹೇಳಿದರು. ನಾನು ಎದ್ದು ನನ್ನ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡೆ. ಸಹಿ ಮಾಡಲಿಲ್ಲ. ಅವರು ಹುಬ್ಬಳ್ಳಿಯ ಇನ್ನೊಬ್ಬ ಇಂಜಿನಿಯರನಿಂದ ಸಹಿ ಮಾಡಿಸಿದರು. ಆತ ಆ ಡಿಸ್ಕುಗಳನ್ನು ಕಣ್ಣಿನಿಂದಲೂ ನೋಡಿರಲಿಲ್ಲ.

ಗುರುವಾರ ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರ ಕೋಣೆಯಲ್ಲಿ ಸಭೆ. ಕರೆಯದಿದ್ದರೂ ನಾನು ಹೋದೆ, ಪರೀಕ್ಷೆಯ ಯಂತ್ರವನ್ನು ಹೊತ್ತುಕೊಂಡೇ ಹೋದೆ. ಜಗದೀಶರು ವರದಿ ಓದುತ್ತಿದ್ದರು. ಗಿರಿಜಾ ಬಾಗಿಲ ಬಳಿ ನಿಂತಿದ್ದಳು, ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ.

"ಡಾಕ್ಟ್ರ, ಐದು ನಿಮಿಷ ಕೊಡ್ರಿ. ಡಿಸ್ಕ್ ಏನ್ ಹೇಳ್ತೈತಿ ಅದನ್ನೂ ಕೇಳ್ರಿ" ಎಂದೆ.

ಡಿಸ್ಕುಗಳು ಇನ್ನೂ ಗಿರಿಜಾಳ ಕೋಣೆಯಲ್ಲಿಯೇ ಇದ್ದವು. ಜಗದೀಶರು ತರಲು ಹೇಳಿದ್ದರೂ ನಾನು ಬೇಕೆಂದೇ ಒಯ್ದಿರಲಿಲ್ಲ. ಒಂದನ್ನು ತರಿಸಿ ಎಲ್ಲರ ಕಣ್ಣ ಮುಂದೆ ಸಿಕ್ಕಿಸಿ ಆದೇಶ ಟೈಪು ಮಾಡಿದೆ. ಪರದೆಯ ತುಂಬ ಅಂಕಿಗಳು ಇಳಿದವು.

ಜಗದೀಶರು ನಕ್ಕರು. "ಇದು ಡಿಸ್ಕ್ ತಯಾರ ಮಾಡಿದವ್ರ ಗುಟ್ಟಿನ ಮಾಹಿತಿ ಐತ್ರಿ ಸರ್. ಇದನ್ನ ಓದಾಕ ನಮ್ಮಂಥವ್ರಿಗೆ ಬರಂಗಿಲ್ಲ. ದೇವೇಂದ್ರಪ್ಪನವ್ರು ಅಂದಾಜಿನ ಮ್ಯಾಲ ಹೇಳಾಕತ್ಯಾರ."

ನಾನು ಯಲಬುರ್ಗಾದ ಎರಡು ದಿನದ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಡಾಕ್ಟರು ಕನ್ನಡಕ ಏರಿಸಿ ಎರಡನ್ನೂ ಬೆರಳಿಟ್ಟು ನೋಡಿದರು. ಅವರು ರಕ್ತದ ವರದಿ ನೋಡಿ ನೋಡಿ ಪಳಗಿದವರು, ಬೇಗ ತಿಳಿಯಿತು.

"ಅಂದ್ರ ಇವು ಹಳೇ ಡಿಸ್ಕ್ ಏನ್ರಿ?"

"ಐದು ವರ್ಷಕ್ಕಿಂತ ಜಾಸ್ತಿ ತಿರಗ್ಯಾವ್ರಿ. ನಿಮಗ ಹೊಸಾವು ಅಂತ ಕೊಟ್ಟಾರ. ಮೊದ್ಲನೇದ್ದು ಕೆಟ್ಟಾಗ ಈ ಹೆಣ್ಮಗಳು ಎರಡ್ ಸಲ ಫೋನ್ ಮಾಡ್ಯಾಳ. ನಾಕ್ ದಿನ ನಾವು ಬಂದಿಲ್ಲ. ತಪ್ಪು ನಮ್ದಾ ಐತ್ರಿ."

ಡಾಕ್ಟರು ಹತ್ತು ನಿಮಿಷ ಗುಡುಗಿದರು. ನನಗೆ ಖುಷಿಯಾಯಿತು, ನ್ಯಾಯ ಸಿಕ್ಕಿತು ಎಂದುಕೊಂಡೆ. ಆಮೇಲೆ ಅವರೂ ಜಗದೀಶರೂ ಒಳಗಿನ ಕೋಣೆಗೆ ಹೋದರು. ಅರ್ಧ ತಾಸು ಬಿಟ್ಟು ಬಂದಾಗ ಇಬ್ಬರ ಮುಖವೂ ಸಮಾಧಾನದಲ್ಲಿತ್ತು. ಒಪ್ಪಂದ ಇಷ್ಟೇ: ಕಂಪನಿಯಿಂದ ನಿಜವಾದ ಹೊಸ ಡಿಸ್ಕು, ಹೊಸ ಸರ್ವರು, ಹೊರಗೆ ಯಾರೂ ಬಾಯಿ ಬಿಡಬಾರದು. ಕಳೆದುಹೋದ ಚಿತ್ರಗಳ ರೋಗಿಗಳನ್ನು ಮತ್ತೆ ಸ್ಕ್ಯಾನಿಗೆ ಕರೆಸಿದರಾಯಿತು. ಅದರಲ್ಲಿ ಒಬ್ಬ ಮುದುಕಿಯ ಎದೆಯ ಹಳೆಯ ಚಿತ್ರ, ಹೊಸದರ ಜೊತೆ ಹೋಲಿಸಲು ಬೇಕಾದದ್ದು, ಮತ್ತೆಂದೂ ಸಿಗುವಂತಿರಲಿಲ್ಲ. ಅದರ ಮಾತನ್ನು ಯಾರೂ ಎತ್ತಲಿಲ್ಲ.

ಡಾಕ್ಟರು ಗಿರಿಜಾಳಿಗೆ, "ಆತು ಬಿಡವಾ, ಸೋಮವಾರದಿಂದ ಬಾ" ಎಂದರು.

ಅವಳು ಕದಲಲಿಲ್ಲ. "ನಾ ಅಳಿಸಿಲ್ಲ ಅಂತ ಕಾಗದದಾಗ ಬರ್ದು ಕೊಡ್ರಿ" ಎಂದಳು.

ಮರುದಿನ ಬರೆದುಕೊಟ್ಟರು, ನಾನೂ ಅವಳ ಜೊತೆ ಹೋಗಿದ್ದೆ. ತಾಂತ್ರಿಕ ಕಾರಣದಿಂದ ದಾಖಲೆಗಳು ನಷ್ಟವಾಗಿವೆ, ಹಿಂದಿನ ಪತ್ರವನ್ನು ಹಿಂಪಡೆಯಲಾಗಿದೆ ಎಂದು ಎರಡು ಸಾಲು. ಗಿರಿಜಾ ಓದಿ, ಕಾಗದವನ್ನು ಮೇಜಿನ ಮೇಲೆ ವಾಪಸು ಇಟ್ಟಳು.

"ಇದ್ರಾಗ ನನ್ ಹೆಸರಾ ಇಲ್ಲಲ್ರಿ. ಕಳ್ಳಿ ಅನ್ನೂ ಮುಂದ ಹೆಸರು, ತಂದಿ ಹೆಸರು, ಊರು ಎಲ್ಲಾ ಹಾಕಿದ್ರಿ. ಈಗೂ ಹಾಕ್ರಿ."

ಆ ಮಾತನ್ನು ಅವಳು ಅಳದೆ ಹೇಳಿದಳು. ಮೂವತ್ತೊಂದು ವರ್ಷದಲ್ಲಿ ನಾನು ಯಾವ ಮೇಲಧಿಕಾರಿಯ ಮುಂದೆಯೂ ಅಷ್ಟು ನೆಟ್ಟಗೆ ನಿಂತವನಲ್ಲ. ಹೆಸರು, ತಂದೆಯ ಹೆಸರು, ಊರು ಹಾಕಿ ಹೊಸ ಪತ್ರ ಬಂತು. ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಚೀಲದಿಂದ ಇನ್ನೊಂದು ಕಾಗದ ತೆಗೆದು ಡಾಕ್ಟರ ಮುಂದಿಟ್ಟಳು. ಅದು ಅವಳ ರಾಜೀನಾಮೆ. ಈಗ ಕೊಪ್ಪಳದ ಒಂದು ರಕ್ತ ಪರೀಕ್ಷೆ ಕೇಂದ್ರದಲ್ಲಿದ್ದಾಳೆ. ಅಲ್ಲಿ ದಿನಾ ಸಂಜೆ ದಾಖಲೆಗಳ ಪ್ರತಿ ಬೇರೆ ಡಿಸ್ಕಿಗೆ ಹೋಗುತ್ತದೆ. ಕೆಲಸಕ್ಕೆ ಸೇರುವ ಮುನ್ನ ಅವಳು ಹಾಕಿದ ಷರತ್ತು ಅದೊಂದೇ.

ನನಗೆ ಕಾರಣ ಕೇಳಿ ನೋಟಿಸು ಬಂತು. ಉತ್ತರ ಬರೆದೆ. ಆಮೇಲೆ ಸಾಮಾನಿನ ಕೋಣೆಗೆ ಹಾಕಿದರು, ಹಳೆಯ ಕೀಬೋರ್ಡು ಎಣಿಸುವ ಕೆಲಸ. ಅದೇ ಕೋಣೆಯ ರಿಜಿಸ್ಟರಿನಲ್ಲಿ ಒಟ್ಟಿಗೆ ಬಂದ ಆ ಲಾಟಿನ ಡಿಸ್ಕುಗಳು ಎಲ್ಲೆಲ್ಲಿಗೆ ಹೋಗಿವೆ ಎಂಬ ಪಟ್ಟಿ ಇತ್ತು. ಹನ್ನೊಂದು ಕಡೆ. ಎಲ್ಲವನ್ನೂ ಹಿಂದೆ ತರಿಸಿಕೊಳ್ಳಬೇಕು ಎಂದು ಜಗದೀಶರಿಗೆ ಬರೆದೆ. "ಕೆಟ್ಟಾಗ ನೋಡೂಣ್ರಿ" ಎಂದು ಉತ್ತರ ಬಂತು.

ನಾನು ರಜೆ ಹಾಕಿ ಹಾಕಿ ಒಂದೊಂದೇ ಕಡೆ ಹೋದೆ. ಕೆಲವರು ಕೂಡಲೇ ಪ್ರತಿ ತೆಗೆದುಕೊಂಡು ಡಿಸ್ಕು ಬದಲಿಸಿದರು. ಕೆಲವರು, "ಈಗ ಛಲೋ ನಡದೈತಲ್ರಿ, ಯಾಕ ಸುಮ್ನ" ಎಂದು ನನ್ನನ್ನೇ ಸಾಗಹಾಕಿದರು. ಒಬ್ಬರು ನಾನು ಬಂದಿದ್ದನ್ನು ಜಗದೀಶರಿಗೆ ಫೋನು ಮಾಡಿ ಹೇಳಿದರು. ಎರಡನೆಯ ನೋಟಿಸು ಬಂತು. ಅದಕ್ಕೂ ಉತ್ತರ ಬರೆದೆ.

ಪಟ್ಟಿಯಲ್ಲಿ ಕೊನೆಯದು ಹನುಮಸಾಗರದ ಒಂದು ಪ್ರೌಢಶಾಲೆ. ಅಲ್ಲಿಗೆ ಹೋಗುವಷ್ಟರಲ್ಲಿ ನನ್ನ ಕೆಲಸದ ಕೊನೆಯ ದಿನ ಬಂದಿತ್ತು. ಮುಖ್ಯೋಪಾಧ್ಯಾಯಿನಿ ಐವತ್ತು ದಾಟಿದ ಹೆಂಗಸು. ಸರ್ವರಿನ ಮುಂದೆ ಕೂತು ಬಫರ್ ಓದಿದೆ. ಅದೇ ಜಾಗದಲ್ಲಿ ಅಂಥದೇ ದೊಡ್ಡ ಸಂಖ್ಯೆ, ಅದರ ಕೆಳಗೆ ಸಾಲು ಸಾಲು ಓದಲು ಎಡವಿದ ಗುರುತು.

"ಇದ್ರಾಗ ಹತ್ತನೇ ಕ್ಲಾಸಿನ ಮಕ್ಕಳ ಎಲ್ಲಾ ದಾಖಲೆ ಅದಾವ್ರಿ" ಎಂದರು ಅವರು. "ಎಷ್ಟ್ ದಿನ ತಡೀತೈತಿ?"

"ಗೊತ್ತಿಲ್ರಿ ಅಕ್ಕಾರ. ಇವತ್ತ ಪ್ರತಿ ತಗದುಬಿಡೂಣು."

ಅವರು ಬೀರುವಿನಿಂದ ಹೊಸ ಡಿಸ್ಕೊಂದನ್ನು ತೆಗೆದುಕೊಟ್ಟರು. ಪ್ರತಿ ಮಾಡಲು ಹಚ್ಚಿದೆ. ಮುದಿ ಡಿಸ್ಕು, ನಿಧಾನವಾಗಿ ಕೊಡುತ್ತಿತ್ತು. ಮೂರೂವರೆಗೆ ನನ್ನ ಫೋನು ಬಡಿಯಿತು. ಜಗದೀಶರು, ಕೊಪ್ಪಳದಿಂದ.

"ದೇವೇಂದ್ರಪ್ಪನವ್ರ, ಹಾರ ಶಾಲು ತಂದೀವಿ, ಎಲ್ಲಾರೂ ಕಾಯಾಕತ್ತೀವಿ. ಎಲ್ಲದೀರಿ? ಗ್ರೂಪಿನಾಗ ಫೋಟೋ ಹಾಕ್ಬೇಕು."

"ಹನುಮಸಾಗರದಾಗ ಅದೀನ್ರಿ. ಸಾಲಿಯ ಡಿಸ್ಕ್ ಕಾಪಿ ನಡದೈತಿ."

ಅದೇ ತಣ್ಣನೆಯ ದನಿ. "ಅದನ್ನ ನಾಳೆ ಮಾಡ್ಬಹುದಲ್ರಿ."

"ನಾಳೆ ನಾ ಇರಂಗಿಲ್ರಿ" ಎಂದೆ.

ಫೋನನ್ನು ಕಿಸೆಗೆ ಹಾಕಿದೆ. ಪರದೆಯ ಮೇಲೆ ಇನ್ನೂ ಕಾಲು ಭಾಗ ಉಳಿದಿತ್ತು. ಕುರ್ಚಿಯನ್ನು ಸರ್ವರಿನ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ.